ಸಂಖ್ಯಾಶಾಸ್ತ್ರದ ಪರಿಭಾಷೆಯೂ ಮಲ್ಪೆಯ ಮೀನೂ

ಪ್ರಥಮ ಬಿ.ಎ. ತರಗತಿಯಲ್ಲಿ ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಸಂಖ್ಯಾಶಾಸ್ತ್ರದ ಪಾಠವನ್ನು ಆರಂಭಿಸಿದ ದಿನ ಕರಿಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಶಬ್ದವನ್ನು ಬರೆದು, ಗಟ್ಟಿಯಾಗಿ "ಮೀನ್" ಎಂದರು. ಹಿಂದಿನ ಬೆಂಚಿನಲ್ಲಿ ಅರೆನಿದ್ದೆಯಲ್ಲಿದ್ದ ನಾವು ಮಲ್ಪೆಯ ನಾಲ್ಕು ಮಂದಿ ಒಮ್ಮೆಲೇ ಎಚ್ಚತ್ತೆವು. ತುಳುವಿನಲ್ಲಿ ಮೀನೆಂದರೆ ಮೀನೇ. ಅದಕ್ಕೆ ಬೇರೆ ಅರ್ಥವನ್ನು ನಾವು ಹುಟ್ಟಿದಂದಿನಿಂದ ಕೇಳಿದವರಲ್ಲ. ತರಗತಿಯಲ್ಲಿ ನಗೆಯೆದ್ದಿತು. ಅಧ್ಯಾಪಕರೂ ನಕ್ಕು, "ಇದು ಬಲೆಗೆ ಬೀಳುವ ಮೀನಲ್ಲ, ಲೆಕ್ಕಕ್ಕೆ ಸಿಗುವ ಮೀನ್. ಕನ್ನಡದಲ್ಲಿ ಸರಾಸರಿ ಎನ್ನಿ" ಎಂದರು. ಅಂದಿನ ನಗೆ ಅಂದಿಗೇ ಮುಗಿಯಿತು. ಆದರೆ ಶಬ್ದವೊಂದು ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ದಾಟುವಾಗ ಎಲ್ಲಿ ಕಾಲು ಜಾರುತ್ತದೆ ಎಂಬ ಕುತೂಹಲ ಮಾತ್ರ ನನ್ನಲ್ಲಿ ಉಳಿದುಕೊಂಡಿತು. ಆ ಕುತೂಹಲವೇ ಈ ಬರಹಕ್ಕೆ ಕಾರಣ. ಪಂಡಿತರ ಮುಂದೆ ಪಾಂಡಿತ್ಯ ತೋರಿಸುವ ಹಂಬಲ ನನಗಿಲ್ಲ. ಕೈ ಸುಟ್ಟುಕೊಂಡವನ ಅನುಭವವನ್ನು ಮಿತ್ರರ ಮುಂದಿಡುತ್ತಿದ್ದೇನೆ, ಅಷ್ಟೆ.

ಕೈ ಸುಟ್ಟುಕೊಂಡದ್ದು ಹೀಗೆ. ಎರಡು ವರ್ಷಗಳಿಂದ ನಾನು ಸಂಜೆಯ ಹೊತ್ತು ಸ್ವಲ್ಪ ಫ್ರೆಂಚ್ ಕಲಿಯುತ್ತಿದ್ದೇನೆ. ಕಳೆದ ರಜೆಯಲ್ಲಿ ಉನ್ನತ ವ್ಯಾಸಂಗದಲ್ಲಿರುವ ನನ್ನ ಬಂಧುವೊಬ್ಬನಿಗೆ ಫ್ರೆಂಚಿನ ಸಂಖ್ಯಾಶಾಸ್ತ್ರದ ಪಾಠಪುಸ್ತಕದ ಕೆಲವು ಪುಟಗಳು ಇಂಗ್ಲಿಷಿನಲ್ಲಿ ಬೇಕಾಗಿದ್ದುವು. "ನಿನಗೆ ಎರಡೂ ಭಾಷೆ ಬರುತ್ತದಲ್ಲ" ಎಂದ. ಬರುತ್ತದೆ ಎಂದುಕೊಂಡು ನಾನೂ ಕುಳಿತೆ. ಪದಕೋಶವೊಂದು ಕೈಯಲ್ಲಿದ್ದರೆ ಏನು ಭಯ? ಅಲ್ಲದೆ ಫ್ರೆಂಚಿನ ಲೆಕ್ಕದ ಮಾತುಗಳು ಇಂಗ್ಲಿಷಿನವುಗಳ ಒಡಹುಟ್ಟುಗಳಂತೆ ಕಾಣುತ್ತವೆ. ಮೇದಿಯಾನ್ ಎಂದರೆ ಮೀಡಿಯನ್, ವಾರಿಯಾಂಸ್ ಎಂದರೆ ವೇರಿಯನ್ಸ್, ಪೊಪ್ಯುಲಸಿಯೋಂ ಎಂದರೆ ಪಾಪ್ಯುಲೇಷನ್. ನನ್ನ ಧೈರ್ಯ ಪುಟದಿಂದ ಪುಟಕ್ಕೆ ಹೆಚ್ಚಿತು.

ಮೂರನೆಯ ಪುಟದಲ್ಲಿ ಒಂದು ಬಂದರಿನ ದೋಣಿಗಳ ಪಟ್ಟಿಯಿತ್ತು. ನಲವತ್ತು ದೋಣಿಗಳನ್ನು ಉದ್ದಕ್ಕೆ ಅನುಸಾರವಾಗಿ ವಿಂಗಡಿಸಿದ್ದರು. ಒಂದು ಕಾಲಂನ ತಲೆಯ ಮೇಲೆ ಎಫೆಕ್ತಿಫ್ ಎಂದಿತ್ತು. ನಾನು ಕಣ್ಣು ಮುಚ್ಚಿಕೊಂಡು ಎಫೆಕ್ಟಿವ್ ಎಂದು ಬರೆದೆ. ಅಧ್ಯಾಪಕರಿಗೆ ತೋರಿಸಿದಾಗ ಅವರು, "ಇಲ್ಲಿ ಪರಿಣಾಮಕಾರಿ ದೋಣಿಗಳು ಹತ್ತು ಎಂದು ಬರೆದಿದ್ದೀಯಲ್ಲ, ಉಳಿದ ದೋಣಿಗಳು ದಡದಲ್ಲಿ ನಿದ್ದೆಮಾಡುತ್ತಿದ್ದುವೇ?" ಎಂದು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ಫ್ರೆಂಚರ ಎಫೆಕ್ತಿಫ್ ಪರಿಣಾಮವೂ ಅಲ್ಲ, ಸಾಮರ್ಥ್ಯವೂ ಅಲ್ಲ. ಎಣಿಸಿದಾಗ ಸಿಕ್ಕಿದ ಸಂಖ್ಯೆ ಮಾತ್ರ. ಹತ್ತು ದೋಣಿಗಳಿದ್ದರೆ ಎಫೆಕ್ತಿಫ್ ಹತ್ತು.

ಮುಂದಿನ ಕಾಲಂನಲ್ಲಿ ಫ್ರೇಕಾಂಸ್ ಎಂದಿತ್ತು. ಇದಂತೂ ಫ್ರೀಕ್ವೆನ್ಸಿಯೇ ಸರಿ ಎಂದುಕೊಂಡಿದ್ದೆ. ಇಲ್ಲಿಯೂ ಎಡವಿದೆ. ಇಂಗ್ಲಿಷಿನ ತರಗತಿಯಲ್ಲಿ ಫ್ರೀಕ್ವೆನ್ಸಿ ಎಂದರೆ ಸಾಮಾನ್ಯವಾಗಿ ಆ ಎಣಿಕೆಯೇ, ಅಂದರೆ ಹತ್ತು. ಫ್ರೆಂಚರ ಶಾಲೆಯಲ್ಲಿ ಫ್ರೇಕಾಂಸ್ ಎಂದರೆ ಎಣಿಕೆಯನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿದಾಗ ಬರುವ ಅಂಶ. ನಲವತ್ತರಲ್ಲಿ ಹತ್ತು, ಅಂದರೆ ಕಾಲು ಪಾಲು. ಹೀಗೆ ಫ್ರೆಂಚಿನ ಮೊದಲ ಕಾಲಂನ ಹೆಸರು ಇಂಗ್ಲಿಷಿನಲ್ಲಿ ಫ್ರೀಕ್ವೆನ್ಸಿ ಆಗಬೇಕು. ಫ್ರೀಕ್ವೆನ್ಸಿಯಂತೆ ಕೇಳಿಸುವ ಎರಡನೆಯ ಕಾಲಂಗೆ ಬೇರೆ ಹೆಸರು ಬೇಕು. ಮುಖ ನೋಡಿ ಅಣ್ಣನೆಂದು ಕರೆದರೆ ತಮ್ಮ ತಿರುಗಿ ನೋಡಿದಂತಾಯಿತು.

ಆ ಕಾಲು ಪಾಲನ್ನು ಬರೆದ ರೀತಿಯಲ್ಲಿಯೂ ಒಂದು ಹೊಂಡವಿತ್ತು. ಫ್ರೆಂಚರು ದಶಮಾಂಶಕ್ಕೆ ಚುಕ್ಕೆಯಿಡುವುದಿಲ್ಲ, ಅಲ್ಪವಿರಾಮವಿಡುತ್ತಾರೆ. ಅವರು 12,500 ಟನ್ನು ಎಂದು ಬರೆದರೆ ಅದು ಹನ್ನೆರಡೂವರೆ ಟನ್ನು. ನಾವು ಓದುವುದು ಹನ್ನೆರಡು ಸಾವಿರದ ಐನೂರು ಟನ್ನು. ಒಂದು ಚಿಕ್ಕ ಗೆರೆಯನ್ನು ಅನುವಾದಿಸದೆ ಬಿಟ್ಟರೆ ಒಂದು ದೋಣಿಯ ಮೀನು ಇಡೀ ಬಂದರಿನ ಮೀನಾಗಿಬಿಡುತ್ತದೆ! ಹಾಗೆಯೇ ಅವರ ಗಣಿತದಲ್ಲಿ ಪೊಸಿತಿಫ್ ಎಂದರೆ ಸೊನ್ನೆಯೂ ಸೇರಿದ್ದು. ಇಂಗ್ಲಿಷಿನ ಪಾಸಿಟಿವ್‌ನಲ್ಲಿ ಸೊನ್ನೆಗೆ ಸ್ಥಳವಿಲ್ಲ. ಇದೇನು ದೊಡ್ಡ ವಿಷಯ ಎಂದು ಪೇಟೆಯವರು ಕೇಳಬಹುದು. ಡೀಸೆಲು ಸುಟ್ಟು, ರಾತ್ರಿಯಿಡೀ ಬಲೆಯೆಳೆದು, ಬರಿಗೈಯಲ್ಲಿ ಬೆಳಿಗ್ಗೆ ಅಳಿವೆಯ ಬಾಯಿಗೆ ಮರಳಿದ ದೋಣಿಯನ್ನು ಪಟ್ಟಿಯಲ್ಲಿ ಸೇರಿಸಬೇಕೋ ಬಿಡಬೇಕೋ ಎಂಬುದು ಮಲ್ಪೆಯವನಿಗೆ ದೊಡ್ಡ ವಿಷಯವೇ ಹೌದು. ಸೊನ್ನೆ ತಂದವನನ್ನು ಬಿಟ್ಟು ಸರಾಸರಿ ತೆಗೆದರೆ ಊರು ಶ್ರೀಮಂತವಾಗಿ ಕಾಣುತ್ತದೆ.

ಈ ಪೆಟ್ಟುಗಳನ್ನು ತಿಂದ ಮೇಲೆ ನನಗೊಂದು ಪ್ರಶ್ನೆ ಹುಟ್ಟಿತು. ಹಿಂದಿನವರು ಈ ಶಬ್ದಗಳನ್ನು ಹೇಗೆ ದಾಟಿಸಿದರು? ನಾವು ವೇದವಾಕ್ಯವೆಂಬಂತೆ ಬಾಯಿಪಾಠ ಮಾಡುವ ಇಂಗ್ಲಿಷ್ ಪಾರಿಭಾಷಿಕ ಶಬ್ದಗಳಲ್ಲಿ ಎಷ್ಟೋ ಶಬ್ದಗಳು ತಾವೇ ಭಾಷಾಂತರಗಳು. 1805ರಲ್ಲಿ ಲೆಜಾಂದ್ರನು ಧೂಮಕೇತುಗಳ ಪಥವನ್ನು ಗಣಿಸುವ ಗ್ರಂಥದ ಕೊನೆಯಲ್ಲಿ ಹೊಸ ಪದ್ಧತಿಯೊಂದಕ್ಕೆ ಫ್ರೆಂಚಿನಲ್ಲಿ ಹೆಸರಿಟ್ಟನು. ಇಂಗ್ಲಿಷಿನವರು ಅದನ್ನು ಪದಕ್ಕೆ ಪದವಿಟ್ಟು ಲೀಸ್ಟ್ ಸ್ಕ್ವೇರ್ಸ್ ಎಂದರು. ನಾವು ಕನಿಷ್ಠ ವರ್ಗಗಳ ಪದ್ಧತಿ ಎನ್ನುತ್ತೇವೆ. ಮೂರು ಭಾಷೆಯಲ್ಲಿಯೂ ಅರ್ಥ ಕೆಡಲಿಲ್ಲ. 1837ರಲ್ಲಿ ಪ್ವಾಸೋಂ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ 'ದೊಡ್ಡ ಸಂಖ್ಯೆಗಳ ನಿಯಮ'ವೂ ಹಾಗೆಯೇ ದಾಟಿತು. 1843ರಲ್ಲಿ ಕೂರ್ನೋ ಎಂಬವನು ಫ್ರೆಂಚಿನಲ್ಲಿ ಬಳಸಿದ ಮಧ್ಯದ ಬೆಲೆಯ ಶಬ್ದವನ್ನೇ 1881ರಲ್ಲಿ ಗಾಲ್ಟನ್ ಇಂಗ್ಲಿಷಿನಲ್ಲಿ ಮೀಡಿಯನ್ ಎಂದು ಬಳಸಿದನು.

ಆದರೆ ಎಲ್ಲ ಶಬ್ದಗಳೂ ಇಷ್ಟು ಸುಲಭವಾಗಿ ನದಿ ದಾಟಲಿಲ್ಲ. ಫ್ರೆಂಚರು ಲ್ವಾ, ಅಂದರೆ ನಿಯಮ, ಎನ್ನುವಲ್ಲಿ ಇಂಗ್ಲಿಷಿನವರು ಇಂದು ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. ನಾವು ಅದನ್ನು ವಿತರಣೆ ಎಂದೆವು. ಕೇಳಿದ ಹಳ್ಳಿಯವನಿಗೆ ಮೊದಲು ನೆನಪಾಗುವುದು ನ್ಯಾಯಬೆಲೆ ಅಂಗಡಿಯ ಅಕ್ಕಿ! ಫ್ರೆಂಚರ ಎಸ್ಪೆರಾಂಸ್ ಎಂದರೆ ದಿನಬಳಕೆಯಲ್ಲಿ ಭರವಸೆ. ಲೆಕ್ಕದಲ್ಲಿ ಅದು ಅನೇಕ ಸಲ ಪ್ರಯತ್ನಿಸಿದಾಗ ಸರಾಸರಿಯಾಗಿ ಸಿಗಬಹುದಾದ ಮೊತ್ತ. ಅದನ್ನು ಭರವಸೆಯೆಂದೇ ಅನುವಾದಿಸಿದರೆ ಲೆಕ್ಕ ಕೆಡುತ್ತದೆ. ನಮ್ಮ ತಾಯಂದಿರು ದೋಣಿ ಹೊರಟಾಗ ಕೈಮುಗಿಯುವುದು ಭರವಸೆಯಿಂದ. ಬ್ಯಾಂಕಿನವರು ಸಾಲ ಕೊಡುವಾಗ ನೋಡುವುದು ನಿರೀಕ್ಷಿತ ಬೆಲೆಯನ್ನು. ಎರಡೂ ಒಂದೇ ಆಗಿದ್ದರೆ ಮಲ್ಪೆಯಲ್ಲಿ ಯಾರಿಗೂ ಸಾಲವೇ ಇರುತ್ತಿರಲಿಲ್ಲ.

ಕೆಲವು ಶಬ್ದಗಳಂತೂ ನೇರವಾಗಿ ಕಡಲಿನಿಂದಲೇ ಎದ್ದುಬಂದಿವೆ. ಫ್ರೆಂಚಿನಲ್ಲಿ ಮಾದರಿ ಸಮೀಕ್ಷೆಗೆ ಸೊಂದಾಜ್ ಎನ್ನುತ್ತಾರೆ. ಅದರ ಹಳೆಯ ಅರ್ಥ, ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ನೀರಿಗಿಳಿಸಿ ಆಳ ನೋಡುವುದು. ಇಂಗ್ಲಿಷಿಗೆ ಅದನ್ನು ಸ್ಯಾಂಪಲ್ ಸರ್ವೆ ಎಂದು ದಾಟಿಸಬೇಕು. ದಾಟಿಸಿದಾಗ ಕಡಲು ಮಾಯವಾಗುತ್ತದೆ, ಲೆಕ್ಕ ಉಳಿಯುತ್ತದೆ. ಆದರೆ ಆ ಹಳೆಯ ಚಿತ್ರ ಎಷ್ಟು ಸೊಗಸಾದುದು! ಇಡೀ ಸಮುದ್ರವನ್ನು ಯಾರೂ ಅಳೆಯಲಾರರು. ಅಲ್ಲಲ್ಲಿ ಗುಂಡು ಇಳಿಸಿ ತಳವನ್ನು ತಿಳಿಯಬಹುದು. ನಮ್ಮ ಕರಾವಳಿಯ ಮೀನಿನ ಲೆಕ್ಕವೂ ಹೀಗೆಯೇ ನಡೆಯುತ್ತದೆ. 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಪ್ರತಿಯೊಂದು ದೋಣಿಯ ಪ್ರತಿಯೊಂದು ಬುಟ್ಟಿಯನ್ನೂ ತೂಗುವುದಿಲ್ಲ. ಸ್ಥಳಗಳನ್ನೂ ದಿನಗಳನ್ನೂ ದೋಣಿಗಳನ್ನೂ ನಿಯಮಬದ್ಧವಾಗಿ ಆಯ್ದು, ಆ ಮಾದರಿಯಿಂದ ಇಡೀ ಕರಾವಳಿಯ ಅಂದಾಜನ್ನು ಕಟ್ಟುತ್ತಾರೆ. ಧಕ್ಕೆಯಲ್ಲಿ ಪುಸ್ತಕ ಹಿಡಿದು ನಿಂತವರು ಬೂತಾಯಿ, ಬಂಗುಡೆ, ಅಂಜಲ್, ಎಟ್ಟಿ ಎಂಬ ತುಳು ಹೆಸರುಗಳನ್ನು ಕೇಳಿ ತಿಳಿದು, ಶಾಸ್ತ್ರೀಯ ಹೆಸರುಗಳಲ್ಲಿ ಬರೆದುಕೊಳ್ಳುತ್ತಾರೆ. ಅವರೂ ಭಾಷಾಂತರಕಾರರೇ ಅಲ್ಲವೆ?

ಇನ್ನು ಎಲ್ಲರ ಬಾಯಲ್ಲಿರುವ ಆವರೇಜ್ ಎಂಬ ಶಬ್ದವನ್ನು ನೋಡೋಣ. ಇದರ ಪೂರ್ವಜ ಅವಾರಿ ಎಂಬ ಫ್ರೆಂಚ್ ಶಬ್ದ. ಅದರ ಹಿಂದೆ ಇಟಾಲಿಯನ್, ಅದಕ್ಕೂ ಹಿಂದೆ ಅರಬಿ. ಅರ್ಥ, ಹಡಗಿನಲ್ಲಿ ಸರಕಿಗಾದ ಹಾನಿ. ಬಿರುಗಾಳಿಯಲ್ಲಿ ಹಡಗನ್ನು ಉಳಿಸಲು ಒಬ್ಬ ವರ್ತಕನ ಮೂಟೆಗಳನ್ನು ಸಮುದ್ರಕ್ಕೆಸೆದರೆ, ಆ ನಷ್ಟವನ್ನು ಅವನೊಬ್ಬನೇ ಹೊರಬಾರದು. ಉಳಿದ ಸರಕಿನವರೂ ಹಡಗಿನವರೂ ತಮ್ಮ ತಮ್ಮ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು ಎಂಬುದು ಪುರಾತನ ಕಡಲ ಧರ್ಮ. ಹೀಗೆ ಹಂಚುವ ಲೆಕ್ಕದಿಂದಲೇ ಆವರೇಜ್ ಎಂಬುದು ಕಾಲಕ್ರಮದಲ್ಲಿ ಸರಾಸರಿಯಾಯಿತು. ಆ ಹಳೆಯ ಅರ್ಥವೂ ಸತ್ತಿಲ್ಲ. 2021ರ ಮಾರ್ಚಿನಲ್ಲಿ ಎವರ್ ಗಿವನ್ ಎಂಬ ದೊಡ್ಡ ಹಡಗು ಸುಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಿತಲ್ಲ, ಅದನ್ನು ಬಿಡಿಸಿದ ಖರ್ಚನ್ನು ಸರಕಿನವರ ಮೇಲೂ ಹಂಚಲು ಅದರ ಮಾಲಿಕರು ಇದೇ ಆವರೇಜಿನ ನಿಯಮವನ್ನೇ ಸಾರಿದರು. ನಮ್ಮ ಸರಾಸರಿಯೂ ಪರದೇಶದ ಅತಿಥಿಯೇ. ಪಾರಸಿಯ ಮೂಲದಿಂದ ಬಂದದ್ದು, ಈ ತುದಿಯಿಂದ ಆ ತುದಿಯವರೆಗೆ ಎಂಬ ಭಾವದ್ದು. ಆದುದರಿಂದ ಶಬ್ದ ಎಲ್ಲಿಂದ ಬಂತು ಎಂದು ಜಗಳಾಡುವುದರಲ್ಲಿ ಹುರುಳಿಲ್ಲ. ಅದು ಏನನ್ನು ಎಣಿಸುತ್ತದೆ, ಯಾರ ನಡುವೆ ಹಂಚುತ್ತದೆ ಎಂಬುದೇ ಮುಖ್ಯ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನ ಸೋದರಮಾವನಿಂದ. ಒಂದು ವರ್ಷ ಮೀನಿನ ಬರ ಬಂದಿತ್ತು. ಸಾಲದ ಕಂತನ್ನು ಮುಂದೂಡಬೇಕೆಂದು ಕೇಳಲು ಕೆಲವರು ಒಂದು ಕಚೇರಿಗೆ ಹೋಗಿದ್ದರು, ಮಾವನೂ ಜತೆಗಿದ್ದ. "ಈ ಋತುವಿನ ಸರಾಸರಿ ಹಿಡುವಳಿ ಚೆನ್ನಾಗಿಯೇ ಇದೆಯಲ್ಲ" ಎಂಬ ಉತ್ತರ ಸಿಕ್ಕಿತು. ಮಾವ ಮನೆಗೆ ಬಂದು ಚಾವಡಿಯಲ್ಲಿ ಕುಳಿತು ಬಹಳ ಹೊತ್ತಿನ ಮೇಲೆ ಕೇಳಿದ್ದು ಒಂದೇ ಮಾತು: "ಯಾರ ಸರಾಸರಿ?" ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ.

ಹನ್ನೊಂದು ದೋಣಿಗಳನ್ನು ಊಹಿಸಿಕೊಳ್ಳಿ. ಒಂದು ದಿನ ಅವು ತಂದ ಬುಟ್ಟಿಗಳು ಕ್ರಮವಾಗಿ 8, 10, 12, 15, 18, 20, 22, 25, 30, 40 ಮತ್ತು 350. ಒಟ್ಟು 550, ಹನ್ನೊಂದರಿಂದ ಭಾಗಿಸಿದರೆ ಸರಾಸರಿ 50. ಆದರೆ ಐವತ್ತು ಬುಟ್ಟಿ ಕಂಡ ದೋಣಿ ಎಷ್ಟು? ಒಂದೇ ಒಂದು! ಉಳಿದ ಹತ್ತು ಮಂದಿಯ ಪಾಲಿಗೆ ಆ ಐವತ್ತು ಕನ್ನಡಿಯೊಳಗಿನ ಗಂಟು. ಅದೇ ದೋಣಿಗಳನ್ನು ಸಾಲಾಗಿ ನಿಲ್ಲಿಸಿ ನಡುವಿನ ಆರನೆಯವನನ್ನು ಕೇಳಿದರೆ ಅವನು 20 ಎನ್ನುತ್ತಾನೆ. ಮೊದಲನೆಯದು ಫ್ರೆಂಚರ ಮ್ವಾಯೆನ್, ಎರಡನೆಯದು ಮೇದಿಯಾನ್. ಕನ್ನಡದ ಕೆಲವು ಪುಸ್ತಕಗಳಲ್ಲಿ ಇವು ಮಾಧ್ಯ ಮತ್ತು ಮಧ್ಯಕ ಎಂದಾಗಿವೆ. ಅವಸರದಲ್ಲಿ ಓದುವ ವಿದ್ಯಾರ್ಥಿಗೆ ಈ ಎರಡಕ್ಕೂ ವ್ಯತ್ಯಾಸ ಹೇಗೆ ತಿಳಿಯಬೇಕು? ಸರಾಸರಿ ಮತ್ತು ಮಧ್ಯಾಂಕ ಎಂದರೆ ಎಷ್ಟೋ ವಾಸಿ. ಬಹುಲಕವನ್ನು ಹಿಂದೆ ರೂಢಿಬೆಲೆ ಎಂದೂ ಬರೆಯುತ್ತಿದ್ದರು. 1895ರಲ್ಲಿ ಕಾರ್ಲ್ ಪಿಯರ್ಸನ್ ಮೋಡ್ ಎಂಬ ಹೆಸರಿಟ್ಟನು. ಆ ಶಬ್ದಕ್ಕೆ ಫ್ರೆಂಚಿನಲ್ಲಿ ಜನರಲ್ಲಿ ನಡೆಯುವ ರೂಢಿ ಎಂಬ ಅರ್ಥವೇ ಉಂಟು. ರೂಢಿಬೆಲೆ ಎಂದವರು ಶಬ್ದದ ಸಿಪ್ಪೆಯನ್ನಲ್ಲ, ತಿರುಳನ್ನು ದಾಟಿಸಿದರು.

ಶಬ್ದ ಸರಿಯಾದರೂ ಸಾಲದು, ಭಾಜಕವೂ ಸರಿಯಾಗಬೇಕು. ಈಗ ನಮ್ಮಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ, ಅಂದರೆ 61 ದಿನ, ಮೀನುಗಾರಿಕೆ ನಿಷೇಧ. ಉಳಿಯುವುದು 304 ದಿನ. ದೋಣಿಯೊಂದು ವರ್ಷಕ್ಕೆ 304 ಟನ್ನು ಹಿಡಿಯಿತು ಎಂದಿಟ್ಟುಕೊಂಡರೆ, ದಿನದ ಸರಾಸರಿ ಎಷ್ಟು? ನಿಷೇಧದ ದಿನಗಳನ್ನು ಬಿಟ್ಟರೆ ಒಂದು ಟನ್ನು. ಇಡೀ ವರ್ಷಕ್ಕೆ ಹಂಚಿದರೆ ಒಂದಕ್ಕಿಂತ ಕಡಮೆ. ಅದು ನಿಜವಾಗಿ ಕಡಲಲ್ಲಿದ್ದದ್ದು 152 ದಿನವಾದರೆ ಎರಡು ಟನ್ನು. ಫ್ರೆಂಚರ ಪಟ್ಟಿಯಲ್ಲಿ 'ಕಡಲಿನ ದಿನ' ಎಂದಿರುವುದನ್ನು ಇಂಗ್ಲಿಷಿನಲ್ಲಿ ಬರಿಯ ದಿನವೆಂದು ಬರೆದವನು ಒಂದು ಶಬ್ದವನ್ನು ಮಾತ್ರ ಬಿಟ್ಟೆನೆಂದುಕೊಳ್ಳುತ್ತಾನೆ. ಆದರೆ ಅರ್ಧ ಮೀನನ್ನೇ ಕೆಡಿಸಿದ್ದಾನೆ.

ಭಾಷಾಂತರದಲ್ಲಿ ಹೆಸರುಗಳೂ ಕಳೆದುಹೋಗುವುದುಂಟು. ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಲ್ಲುದೆಂದು ಹೇಳುವ ಒಂದು ಪ್ರಸಿದ್ಧ ಪ್ರಮೇಯವನ್ನು ಇಂಗ್ಲಿಷಿನಲ್ಲಿ ಕ್ರಾಮೆರ್-ರಾವ್ ಎನ್ನುತ್ತಾರೆ. ಆ ರಾವ್ ಬೇರಾರೂ ಅಲ್ಲ, ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಸಿ. ಆರ್. ರಾವ್, ಆ ಲೇಖನ ಪ್ರಕಟವಾದದ್ದು 1945ರಲ್ಲಿ, ಕಲ್ಕತ್ತೆಯ ಗಣಿತ ಪತ್ರಿಕೆಯಲ್ಲಿ. ಕೆಲವು ಫ್ರೆಂಚ್ ಪುಸ್ತಕಗಳಲ್ಲಿ ಅದೇ ಪ್ರಮೇಯಕ್ಕೆ ಫ್ರೇಶೆ-ದಾರ್ಮ್ವಾ-ಕ್ರಾಮೆರ್-ರಾವ್ ಎಂಬ ಉದ್ದವಾದ ಹೆಸರಿದೆ. ಆ ಇಬ್ಬರು ಫ್ರೆಂಚರೂ ಅದೇ ಕಾಲದಲ್ಲಿ ಅದೇ ದಿಕ್ಕಿನಲ್ಲಿ ಕೆಲಸಮಾಡಿದವರು. ಇಂಗ್ಲಿಷಿಗೆ ತರುವವನು ರೂಢಿಯಂತೆ ಎರಡು ಹೆಸರುಗಳನ್ನು ದಡದಲ್ಲೇ ಬಿಡುತ್ತಾನೆ. ಬಿಡಬೇಕೋ ಇಡಬೇಕೋ? ನನ್ನ ಮಟ್ಟಿಗೆ, ರೂಢಿಯ ಹೆಸರನ್ನು ಬರೆದು, ಉಳಿದವರನ್ನು ಒಂದು ವಾಕ್ಯದಲ್ಲಾದರೂ ನೆನೆಯುವುದು ನ್ಯಾಯ. ಅವರು ನಮ್ಮ ಹಡಗಲಿಯವನ ಹೆಸರನ್ನು ಬಿಟ್ಟಿದ್ದರೆ ನಮಗೆ ಹೇಗಾಗುತ್ತಿತ್ತು?

ಇಷ್ಟನ್ನು ಓದಿದ ಮಿತ್ರರು ಎರಡು ಆಕ್ಷೇಪಗಳನ್ನು ಎತ್ತಬಹುದು. ಮೊದಲನೆಯದು: ಹೇಗೂ ಎಲ್ಲವೂ ಇಂಗ್ಲಿಷಿನಲ್ಲಿ ಸಿಗುವಾಗ ಈ ಭಾಷಾಂತರದ ಉಸಾಬರಿ ನಮಗೇಕೆ? ನನ್ನ ಉತ್ತರವಿಷ್ಟೇ. ಮಾವನಿಗೆ ಕಚೇರಿಯಲ್ಲಿ ಸಿಕ್ಕಿದ ಉತ್ತರ ಇಂಗ್ಲಿಷಿನಲ್ಲಿರಲಿಲ್ಲ, ಅದು ಕನ್ನಡದಲ್ಲಿತ್ತು. ತುಳುವಿನಲ್ಲಿ ಕೂಗಿದ ಬುಟ್ಟಿಯ ಲೆಕ್ಕ ಇಂಗ್ಲಿಷಿನ ವರದಿಯಾಗಿ, ಕನ್ನಡದ ಆದೇಶವಾಗಿ ಮರಳಿ ಅದೇ ಧಕ್ಕೆಗೆ ಬರುತ್ತದೆ. ಭಾಷಾಂತರ ನಡೆದೇ ನಡೆಯುತ್ತದೆ. ಎಚ್ಚರದಿಂದ ನಡೆಯಬೇಕೋ ಕಣ್ಣುಮುಚ್ಚಿ ನಡೆಯಬೇಕೋ ಎಂಬುದಷ್ಟೇ ಪ್ರಶ್ನೆ. ಎರಡನೆಯ ಆಕ್ಷೇಪ: ಪಾರಿಭಾಷಿಕ ಶಬ್ದಗಳು ಸಂಸ್ಕೃತಭೂಯಿಷ್ಠವಾಗಿ ಗಂಭೀರವಾಗಿರಬೇಕು, ಬುಟ್ಟಿ ದೋಣಿಗಳ ಮಾತಿಗೆ ಶಾಸ್ತ್ರದಲ್ಲಿ ಎಡೆಯಿಲ್ಲ. ಇದಕ್ಕೂ ಫ್ರೆಂಚರೇ ಉತ್ತರ ಕೊಟ್ಟಿದ್ದಾರೆ. ಇಂಗ್ಲಿಷಿನವರು ಪೈ ಎಂಬ ತಿಂಡಿಯ ಹೆಸರಿನಲ್ಲಿ ಕರೆಯುವ ವೃತ್ತನಕ್ಷೆಯನ್ನು ಅವರು ಆಡುಮಾತಿನಲ್ಲಿ ಕಮಾಂಬೇರ್ ಎನ್ನುತ್ತಾರೆ. ಅದು ಅವರ ನಾಡಿನ ದುಂಡನೆಯ ಗಿಣ್ಣದ ಹೆಸರು. ಇಂಗ್ಲಿಷಿನ ಬಾಕ್ಸ್ ಪ್ಲಾಟ್ ಅವರಲ್ಲಿ ಮೀಸೆಯ ಪೆಟ್ಟಿಗೆ. ಇದರಿಂದ ಅವರ ಗಣಿತವೇನೂ ಹಗುರಾಗಲಿಲ್ಲ.

ಕೊನೆಯದಾಗಿ ಒಂದು ಸೂಚನೆ. ನಮ್ಮ ಕಾಲೇಜಿನ ಅರ್ಥಶಾಸ್ತ್ರ ಸಂಘವು ಈ ವರ್ಷ ಭಾಷಣಗಳ ಜತೆಗೆ ಐವತ್ತು ಶಬ್ದಗಳ ಒಂದು ಕಿರು ಕೋಶವನ್ನು ಸಿದ್ಧಪಡಿಸಲಿ. ಪ್ರತಿ ಶಬ್ದದ ಎದುರು ಮೂಲಭಾಷೆಯ ರೂಪ, ಇಂಗ್ಲಿಷ್ ರೂಪ, ಕನ್ನಡ ರೂಪ, ಅದರ ಕೆಳಗೆ ಬಂದರಿನಿಂದಲೋ ಗದ್ದೆಯಿಂದಲೋ ತೆಗೆದ ಒಂದು ಲೆಕ್ಕ ಇರಲಿ. ಯಾವುದನ್ನು ಎಣಿಸಿದರು, ಯಾವುದರಿಂದ ಭಾಗಿಸಿದರು, ಸೊನ್ನೆಯನ್ನು ಸೇರಿಸಿದರೋ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದ ಶಬ್ದವನ್ನು ಕೋಶಕ್ಕೆ ಸೇರಿಸಬಾರದು. ಅಧ್ಯಾಪಕರು ತಿದ್ದಲಿ, ಧಕ್ಕೆಯ ಮಂದಿ ಒಪ್ಪಲಿ. ಇಬ್ಬರೂ ಒಪ್ಪಿದ ಶಬ್ದ ನಿಲ್ಲುತ್ತದೆ.

ಮೊನ್ನೆ ಮಾವನಿಗೆ ಆ ಹನ್ನೊಂದು ದೋಣಿಗಳ ಲೆಕ್ಕವನ್ನು ತುಳುವಿನಲ್ಲಿ ಹೇಳಿದೆ. ಬಲೆಯ ಹರಕನ್ನು ಹೊಲಿಯುತ್ತಿದ್ದವನು ಕೈ ನಿಲ್ಲಿಸಿ ಕೇಳಿದ. ಮಧ್ಯಾಂಕ ಎಂಬ ಶಬ್ದವನ್ನು ಎರಡು ಸಲ ಬಾಯಲ್ಲಿ ತಿರುಗಿಸಿ ನೋಡಿದ. ಅನಂತರ, "ಹಾಗಾದರೆ ಇನ್ನು ಮೇಲೆ ಆ ನಡುವಿನ ದೋಣಿಯವನನ್ನು ಕೇಳಲು ಹೇಳು" ಎಂದು ಮತ್ತೆ ಸೂಜಿ ಹಿಡಿದ. ಫ್ರೆಂಚಿನಿಂದ ಹೊರಟ ಶಬ್ದವೊಂದು ಇಂಗ್ಲಿಷನ್ನೂ ಕನ್ನಡವನ್ನೂ ದಾಟಿ ಅಂದು ನಮ್ಮ ಚಾವಡಿಗೆ ಕ್ಷೇಮವಾಗಿ ಬಂದು ತಲುಪಿತು.